ಶ್ರೀಲಂಕಾಕ್ಕೆ ಸೇನೆ ಕಳಿಸಿದ್ದು ಸರಿಯೇ?

1987ರಲ್ಲಿ ಭಾರತ ಶ್ರೀಲಂಕಾಕ್ಕೆ ಸೇನೆ ಕಳಿಸಿದ್ದೇ ತಪ್ಪೋ, ಕಳಿಸಿದ ರೀತಿ ತಪ್ಪೋ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಎಡವಟ್ಟು ಶುರುವಾದದ್ದೇ ಭಾರತ-ಶ್ರೀಲಂಕಾ ಒಪ್ಪಂದದಲ್ಲಿ. ಜುಲೈ 29ರಂದು ಸಹಿ ಹಾಕಿದವರು ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ. ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ (ತಮಿಳು ಹುಲಿಗಳು) ಸಹಿಯನ್ನೇ ಹಾಕಿರಲಿಲ್ಲ. ಆದರೂ ಕದನವಿರಾಮವಾಗಿ 72 ಗಂಟೆಯೊಳಗೆ ಶಸ್ತ್ರ ಒಪ್ಪಿಸಬೇಕು ಎಂದು ಬರೆದರು. ಒಪ್ಪಿಸದಿದ್ದರೆ? ಕಸಿದುಕೊಳ್ಳುವ ಹೊರೆ ಬಿದ್ದದ್ದು ಶಾಂತಿ ಕಾಯಲು ಹೋದ ನಮ್ಮ ಯೋಧರ ತಲೆಗೆ.

ಅಕ್ಟೋಬರ್ 11ರ ರಾತ್ರಿ ಹುಲಿಗಳ ನಾಯಕರನ್ನು ಹಿಡಿಯಲೆಂದು ಉತ್ತರ ಶ್ರೀಲಂಕಾದ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರ್‌ನಲ್ಲಿ ಯೋಧರನ್ನು ಇಳಿಸಿದರು. ರೇಡಿಯೊ ಕದ್ದಾಲಿಸಿದ್ದ ಹುಲಿಗಳು ಕಾದೇ ಕೂತಿದ್ದರು. ಗುಂಡಿನ ಸುರಿಮಳೆಗೆ ಹೆಚ್ಚಿನ ಪಡೆ ಇಳಿಸಲಾಗಲಿಲ್ಲ. ಇಳಿದಿದ್ದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿಯಲ್ಲಿ 29 ಮಂದಿ ಸತ್ತರು, ಒಬ್ಬ ಸೆರೆಯಾದ.

ಒಪ್ಪಂದಕ್ಕೂ ಮುಂಚೆ, ಜೂನ್ 4ರಂದು, ಭಾರತ ವಿಮಾನದಿಂದ ಜಾಫ್ನಾಕ್ಕೆ ಆಹಾರ ಉದುರಿಸಿದ್ದನ್ನು ನಾನು ಬೇರೆಯಾಗಿಯೇ ನೋಡುತ್ತೇನೆ. ಕೊಲಂಬೊ ಮೇಲೆ ಒತ್ತಡ ಹಾಕಲು ಅಷ್ಟು ಸಾಕಿತ್ತು. ನೆಲಕ್ಕೆ ಕಾಲಿಟ್ಟ ಮೇಲೆ ಕರೆದವರೇ ತಿರುಗಿಬೀಳಬಹುದು: ಜಯವರ್ಧನೆ ನಂತರ ಅಧ್ಯಕ್ಷರಾಗಿ ಬಂದ ಪ್ರೇಮದಾಸ, ನಮ್ಮ ಸೇನೆ ಹೊರಡಲಿ ಎಂದದ್ದಷ್ಟೇ ಅಲ್ಲ, ಅದರ ವಿರುದ್ಧ ಹೋರಾಡಲು ಹುಲಿಗಳಿಗೇ ಆಯುಧ ಕೊಟ್ಟರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮರಳುವಷ್ಟರಲ್ಲಿ ಸತ್ತ ಭಾರತೀಯ ಯೋಧರು 1,100ಕ್ಕೂ ಹೆಚ್ಚು.