ನಾಯಕನ ವ್ಯಾಯಾಮದ ಹುಚ್ಚು ಊರೂರಿಗೂ ಹರಡುತ್ತಾ?

ಹಾಸನದಲ್ಲಿ ಮಗಳ ಚರ್ಚಾಸ್ಪರ್ಧೆಗೆ "ನಾಯಕರ ಫಿಟ್‌ನೆಸ್ ಪ್ರೀತಿಯಿಂದ ದೇಶದ ಕ್ರೀಡೆ ಬದಲಾದ ಉದಾಹರಣೆ ಇದೆಯಾ" ಅಂತ ಕೇಳಿದ್ದೀರಿ. ಇದೆ. ಅಮೆರಿಕದ ಜಾನ್ ಕೆನಡಿ ಬಗ್ಗೆ ಹೇಳಲಿ.

ಅಧ್ಯಕ್ಷರಾಗಿ ಆಯ್ಕೆಯಾದ ಮೇಲೆ, 1960ರ ಡಿಸೆಂಬರಿನಲ್ಲಿ, ಅಮೆರಿಕನ್ನರ ಮೈ ಮೆತ್ತಗಾಗುತ್ತಿದೆ ಅಂತ ಅವರು ಒಂದು ಕ್ರೀಡಾ ಪತ್ರಿಕೆಗೆ ಲೇಖನ ಬರೆದರು. ಆದರೆ ಜನರನ್ನು ಬೀದಿಗಿಳಿಸಿದ್ದು 1963ರ ನಡಿಗೆ. ಸೇನಾಧಿಕಾರಿಗಳು 50 ಮೈಲಿ ನಡೆದು ತೋರಿಸಬೇಕು ಅಂತ ಆಗಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1908ರಲ್ಲಿ ಆದೇಶ ಮಾಡಿದ್ದರು. ಈಗಿನವರಿಗೆ ಅದು ಆಗುತ್ತಾ ಅಂತ ಕೆನಡಿ ಕೇಳಿದರು. ಸೈನಿಕರಿಗೆ ಹೇಳಿದ್ದನ್ನು ಸಾಮಾನ್ಯ ಜನರೂ ಸವಾಲಾಗಿ ತಗೊಂಡರು! ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಫೆಬ್ರವರಿ ಚಳಿಯಲ್ಲಿ, ಮಾಮೂಲಿ ಚರ್ಮದ ಶೂನಲ್ಲೇ ಪೂರ್ತಿ ನಡೆದರು. 50 ಮೈಲಿ ಅಂದ್ರೆ ಸುಮಾರು 80 ಕಿ.ಮೀ. ಚಿಕ್ಕಮಗಳೂರಿಂದ ಬೇಲೂರು ದಾಟಿ ಹಾಸನ ತಲುಪಿದರೂ ದಾರಿ ಮುಗಿಯಲ್ಲ. ಮಗಳು ಇದನ್ನು ಹೇಳಿದರೆ ಸಭೆಗೆ ತಕ್ಷಣ ಅರ್ಥವಾಗುತ್ತದೆ.

ಆ ಅಲೆ ಬೇಗ ಇಳಿಯಿತು, ನಿಜ. ಆದರೆ ಆ ವರ್ಷ ಮೇರಿಲ್ಯಾಂಡಿನಲ್ಲಿ ಶುರುವಾದ 50 ಮೈಲಿ ಓಟ ಕೆನಡಿ ಹೆಸರಲ್ಲೇ ಇನ್ನೂ ನಡೆಯುತ್ತಿದೆ.

ಎದುರು ಪಕ್ಷದವರು "ಕೆನಡಿಗೇ ಬೆನ್ನುನೋವಿತ್ತಲ್ವಾ" ಅಂತ ಕೇಳಬಹುದು. ಹೌದು, ಜಾಸ್ತಿನೇ ಇತ್ತು. ನನ್ನ ಪ್ರಕಾರ ಅದರಿಂದ ವಾದ ಗಟ್ಟಿಯಾಗುತ್ತದೆ. ಅವರು ಸುಮ್ನೆ ತಮ್ಮ ಮೈಕಟ್ಟು ತೋರಿಸಲಿಲ್ಲ, ಶಾಲೆಗಳಲ್ಲಿ ದಿನವೂ ವ್ಯಾಯಾಮ ಇರಲಿ ಅಂತ ಒತ್ತಾಯಿಸಿದರು. ಮಗಳಿಗೆ ಈ ಭಾಗಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಲು ಹೇಳಿ.