ಓದುಗರ ಪ್ರಶ್ನೆ: ಕಲಾಪುಟದಲ್ಲಿ ಯಾರ ಹೆಸರು ಅಚ್ಚಾಗುತ್ತದೆ?

ಪ್ರಶ್ನೆ: ನಾನು ಒಂದು ವಾರಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುತ್ತೇನೆ. ಖ್ಯಾತ ಗಾಯಕರ ಬೈಠಕಿಗೆ ಅರ್ಧ ಪುಟ ಸಿಗುತ್ತದೆ. ಯಲ್ಲಾಪುರದ ಕಡೆಯಿಂದ ಸಿದ್ದಿ ಕಲಾವಿದರು ಬಂದು ದಮಾಮಿ ಎಂಬ ಚರ್ಮವಾದ್ಯ ಬಾರಿಸಿ ಕುಣಿದರೆ ಒಂದು ಚಿತ್ರ, ಅದರ ಕೆಳಗೆ ‘ಸಿದ್ದಿ ಕಲಾವಿದರಿಂದ ಆಕರ್ಷಕ ನೃತ್ಯ’ ಎಂಬ ಒಂದು ಸಾಲು, ಅಷ್ಟೇ. ಇಂಥವರನ್ನು ಕಲಾಪುಟಕ್ಕೆ ತರುವುದನ್ನೇ ವೃತ್ತಿಯಾಗಿಸಿಕೊಂಡ ಪತ್ರಕರ್ತರು ಎಲ್ಲಿಯಾದರೂ ಇದ್ದಾರೆಯೇ?
– ಓದುಗರು, ಧಾರವಾಡ

ಉತ್ತರ: ಇದ್ದಾರೆ. ಸಿದ್ದಿಯರ ಹಾಗೆಯೇ ಆಫ್ರಿಕಾ ಮೂಲದವರಾದ, ಆದರೆ ಅಮೆರಿಕದಲ್ಲಿ ಬಾಳಿದ ಇಬ್ಬರು ಮಹಿಳೆಯರ ವಿಷಯ ಹೇಳುತ್ತೇನೆ.

ಮೊದಲನೆಯವರು ನೋರಾ ಹೋಲ್ಟ್. ಅವರು 1917ರಿಂದ ‘ಷಿಕಾಗೋ ಡಿಫೆಂಡರ್’ ಪತ್ರಿಕೆಗೆ ಸಂಗೀತ ವಿಮರ್ಶೆ ಬರೆದರು. 1905ರಲ್ಲಿ ರಾಬರ್ಟ್ ಅಬ್ಬಟ್ ಆರಂಭಿಸಿದ ಈ ಪತ್ರಿಕೆ ಕಪ್ಪು ಜನರದೇ ಆಗಿತ್ತು; ರೈಲಿನ ಮಲಗುವ ಬೋಗಿಗಳಲ್ಲಿ ದುಡಿಯುತ್ತಿದ್ದ ಕಪ್ಪು ನೌಕರರು ಅದರ ಕಟ್ಟುಗಳನ್ನು ದಕ್ಷಿಣದ ಊರುಗಳಿಗೆ ಸಾಗಿಸುತ್ತಿದ್ದರು. ಬಿಳಿಯರ ದಿನಪತ್ರಿಕೆಗಳಿಗೆ ಕಪ್ಪು ಜನರ ಸಂಗೀತವೆಂದರೆ ಬಹುಮಟ್ಟಿಗೆ ಮನರಂಜನೆಯಾಗಿದ್ದ ಕಾಲದಲ್ಲಿ, ಹೋಲ್ಟ್ ಅದೇ ಸಮುದಾಯದ ಶಾಸ್ತ್ರೀಯ ಗಾಯಕರನ್ನೂ ವಾದಕರನ್ನೂ ಕುರಿತು ವಿಮರ್ಶಕಿಯ ಗಾಂಭೀರ್ಯದಿಂದ ಬರೆದರು. ಅವರು ಸ್ವತಃ ಸಂಗೀತ ರಚನಕಾರರು. 1918ರಲ್ಲಿ ಷಿಕಾಗೋದಲ್ಲಿ ಸಂಗೀತದ ಸ್ನಾತಕೋತ್ತರ ಪದವಿ ಪಡೆದಾಗ, ಆ ಪದವಿ ಪಡೆದ ಮೊದಲ ಕಪ್ಪು ಅಮೆರಿಕನ್ ಎನಿಸಿಕೊಂಡರು.

ಬರೆದರೆ ಮಾತ್ರ ಸಾಲದೆಂದು ಅವರಿಗೆ ಬೇಗನೆ ತಿಳಿದಿರಬೇಕು. 1919ರಲ್ಲಿ ಕಪ್ಪು ಸಂಗೀತಗಾರರ ರಾಷ್ಟ್ರೀಯ ಸಂಘವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಸಂಘದ ಮೊದಲ ವಿದ್ಯಾರ್ಥಿವೇತನ ದೊರೆತದ್ದು ಮೇರಿಯನ್ ಆಂಡರ್ಸನ್ ಎಂಬ ಎಳೆಯ ಗಾಯಕಿಗೆ. ಅದೇ ಆಂಡರ್ಸನ್ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದ ವೇದಿಕೆಯಲ್ಲಿ ಪಾತ್ರವಹಿಸಿ ಹಾಡಿದ ಮೊದಲ ಕಪ್ಪು ಗಾಯಕಿಯಾಗಲು 1955ರವರೆಗೆ ಕಾಯಬೇಕಾಯಿತು. ಸಂಘ ಹುಟ್ಟಿದಂದಿನಿಂದ ಎಣಿಸಿದರೆ ಮೂವತ್ತಾರು ವರ್ಷ; ಆ ಲೆಕ್ಕ ನಿಮಗೆ ನೆನಪಿರಲಿ. ನಿಮ್ಮ ಕೆಲಸದ ಫಲವೂ ಮುಂದಿನ ಸಂಚಿಕೆಯಲ್ಲಿ ಕಾಣಿಸುವಂಥದಲ್ಲ.

ಹೋಲ್ಟ್ ಅವರ ಬಾಳಿನ ಒಂದು ಪ್ರಸಂಗ ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು. ಅವರು 1921ರಲ್ಲಿ ಸಂಗೀತ ಮತ್ತು ಕಾವ್ಯಕ್ಕೆ ಮೀಸಲಾದ ಒಂದು ಮಾಸಪತ್ರಿಕೆಯನ್ನು ತಾವೇ ಹೊರಡಿಸಿ, ಅದರಲ್ಲಿ ತಮ್ಮ ರಚನೆಗಳಲ್ಲಿ ಒಂದೆರಡನ್ನು ಅಚ್ಚುಹಾಕಿಸಿದ್ದರು. ಅನಂತರ ಯುರೋಪು, ಏಷ್ಯಾಗಳಲ್ಲಿ ಹಾಡುತ್ತ ವರ್ಷಗಟ್ಟಲೆ ಕಳೆದರು. ಹೊರಡುವ ಮುನ್ನ ಸುಮಾರು 200 ರಚನೆಗಳ ಹಸ್ತಪ್ರತಿಗಳನ್ನು ಉಗ್ರಾಣವೊಂದರಲ್ಲಿ ಇರಿಸಿದ್ದರು. ಮರಳಿ ಬಂದಾಗ ಅವು ಕಳುವಾಗಿದ್ದವು. ಅಚ್ಚಾಗಿದ್ದಷ್ಟೇ ಉಳಿಯಿತು. ಚಿತ್ರದ ಕೆಳಗಿನ ಒಂದು ಸಾಲಿಗೆ ಇರುವ ಬೆಲೆ ಏನೆಂಬುದನ್ನು ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಎರಡನೆಯವರು ಫಿಲ್ ಗಾರ್ಲ್ಯಾಂಡ್. ಅವರ ತಾಯಿ ಹೇಝಲ್ ಮನೆಗೆಲಸ ಮಾಡಿ ಬೆಳೆದು, 1943ರಲ್ಲಿ ಕಪ್ಪು ಜನರ ‘ಪಿಟ್ಸ್‌ಬರ್ಗ್ ಕೊರಿಯರ್’ ಪತ್ರಿಕೆಗೆ ಬಿಡಿ ವರದಿಗಾರ್ತಿಯಾಗಿ ಸೇರಿ, 1974ರಲ್ಲಿ ಅದೇ ಪತ್ರಿಕೆಯ ಪ್ರಧಾನ ಸಂಪಾದಕಿಯಾದವರು. ಮಗಳು ಅಲ್ಲಿಯೇ ಕಲಿತು, ಕಪ್ಪು ಓದುಗರ ‘ಎಬನಿ’ ನಿಯತಕಾಲಿಕದಲ್ಲಿ ಬರೆದು, ಚರ್ಚಿನ ಹಾಡಿನಿಂದಲೂ ಬ್ಲೂಸ್‌ನಿಂದಲೂ ಮೂಡಿದ ಸೋಲ್ ಸಂಗೀತದ ಬಗ್ಗೆ 1969ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. 1973ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆಗೆ ಅಧ್ಯಾಪಕಿಯಾಗಿ ಬಂದರು. ಅಲ್ಲಿ ಕಾಯಂ ಹುದ್ದೆ ಪಡೆದ ಮೊದಲ ಮಹಿಳೆಯೂ ಮೊದಲ ಕಪ್ಪು ಅಧ್ಯಾಪಕರೂ ಅವರೇ. ತಾನು ಬರೆಯುವುದರ ಜೊತೆಗೆ, ಸಂಸ್ಕೃತಿಯನ್ನು ಕುರಿತು ಬರೆಯುವವರನ್ನು ತಯಾರುಮಾಡುವುದೂ ಅವರ ಕೆಲಸವಾಯಿತು.

ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಗಾರ್ಲ್ಯಾಂಡ್ ಅವರಿಗೆ ಸಂಬಳದ ಹುದ್ದೆಗಳಿದ್ದವು. ಹೋಲ್ಟ್ ನಡುವಿನ ವರ್ಷಗಳಲ್ಲಿ ಲಾಸ್ ಏಂಜಲೀಸಿನಲ್ಲಿ ಸಂಗೀತ ಪಾಠ ಹೇಳಿದರು, ಬ್ಯೂಟಿ ಪಾರ್ಲರ್ ಸಹ ನಡೆಸಿದರು.

ಪ್ರಶ್ನೆ: ಒಂದು ಸಮುದಾಯದ ಪರವಾಗಿ ನಿಂತ ವಿಮರ್ಶಕರು ನಿಷ್ಪಕ್ಷಪಾತಿಗಳಾಗಿ ಉಳಿಯಬಲ್ಲರೇ? ಹಿಂದುಳಿದವರ ಕಲೆಯೆಂದು ಎಲ್ಲವನ್ನೂ ಹೊಗಳಬೇಕೇ?
– ಓದುಗರು, ಮೈಸೂರು

ಉತ್ತರ: ಹೊಗಳಬಾರದು. ಅವಕಾಶ ಕೊಡಿಸುವುದು ಬೇರೆ, ಅಂಕ ಕೊಡುವುದು ಬೇರೆ. ಖ್ಯಾಲ್ ಗಾಯಕರ ವಿಲಂಬಿತದಲ್ಲಿ, ಅಂದರೆ ನಿಧಾನಗತಿಯ ಭಾಗದಲ್ಲಿ, ಲಯ ಎಲ್ಲಿ ಸಡಿಲವಾಯಿತು, ಯಾವ ತಾನ್ (ವೇಗದ ಸ್ವರಸರಣಿ) ಅಸ್ಪಷ್ಟವಾಯಿತು ಎಂದು ಬರೆಯುವವರು, ದಮಾಮಿಯ ಮುಂದೆ ಕುಳಿತಾಗ ‘ಆಕರ್ಷಕ’ ಎಂಬ ಒಂದೇ ಪದದಲ್ಲಿ ಮುಗಿಸುವುದು ಔದಾರ್ಯವಲ್ಲ. ಕಿವಿ ಅಲ್ಲಿಗೆ ಹೋಗಿಯೇ ಇಲ್ಲವೆಂಬುದಕ್ಕೆ ಸಾಕ್ಷಿ. ಯಾವುದು ಚೆನ್ನಾಗಿದೆ, ಯಾವುದು ಚೆನ್ನಾಗಿಲ್ಲವೆಂದು ಆ ಕಲಾವಿದರೇ ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುತ್ತಾರೆ. ವಿಮರ್ಶಕರು ಕಲಿಯಬೇಕಾದದ್ದು ಆ ಮಾತನ್ನು.

ಹೋಲ್ಟ್ 1940ರ ದಶಕದಲ್ಲಿ ‘ನ್ಯೂಯಾರ್ಕ್ ಆಮ್‌ಸ್ಟರ್‌ಡ್ಯಾಮ್ ನ್ಯೂಸ್’ ಪತ್ರಿಕೆಗೆ ಬರೆಯುತ್ತಿದ್ದಾಗ, 1945ರಲ್ಲಿ, ಆ ನಗರದ ಸಂಗೀತ ವಿಮರ್ಶಕರ ಸಂಘಕ್ಕೆ ಮೊದಲ ಕಪ್ಪು ಸದಸ್ಯರಾಗಿ ಆಯ್ಕೆಯಾದರು. ಅವರ ಹೆಸರನ್ನು ಸೂಚಿಸಿದವರು ಸ್ವತಃ ರಚನಕಾರರೂ ಕಟು ವಿಮರ್ಶಕರೂ ಆಗಿದ್ದ ವರ್ಜಿಲ್ ಥಾಮ್ಸನ್. ಸಮುದಾಯದ ಪರ ನಿಂತದ್ದು ಅವರ ಅರ್ಹತೆಗೆ ಅಡ್ಡಿಯಾಗಲಿಲ್ಲ, ಏಕೆಂದರೆ ಸ್ವರಲಿಪಿಯನ್ನು ಓದಲೂ ಬರೆಯಲೂ ಬಲ್ಲ ವಿದ್ವತ್ತು ಅವರ ಬೆನ್ನಿಗಿತ್ತು.

ಆದ್ದರಿಂದ ನಿಮಗೂ ಮೇಲಿನ ಧಾರವಾಡದ ಓದುಗರಿಗೂ ನನ್ನ ಸಲಹೆ ಒಂದೇ. ಸಿದ್ದಿಯರ ತಂಡ ಮುಂದಿನ ಸಲ ಬಂದಾಗ ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಹೋಗಿ. ದಮಾಮಿ ಬಾರಿಸುವವರ ಹೆಸರು, ಊರು, ಯಾರಿಂದ ಕಲಿತರು, ಚರ್ಮವನ್ನು ಹೇಗೆ ಹದಮಾಡುತ್ತಾರೆ ಎಂಬುದನ್ನು ಕೇಳಿ ಬರೆದುಕೊಳ್ಳಿ. ಅರ್ಧ ಪುಟಕ್ಕೆ ಸಂಪಾದಕರು ಒಪ್ಪದಿರಬಹುದು. ಚಿತ್ರದ ಕೆಳಗೆ ನಾಲ್ಕು ಹೆಸರು ಸೇರಿಸಲು ಅವರ ಅಪ್ಪಣೆಯೇನೂ ಬೇಕಾಗಿಲ್ಲ.