ಸಣ್ಣ ಚಿನ್ನದ ನಿಕ್ಷೇಪ ಗಣಿಯಾಗುತ್ತಾ? ಮೊದಲು ಮಿಲ್ಲು ಎಲ್ಲಿದೆ ನೋಡಿ

ಹಾವೇರಿ ಕಡೆಯ ನಿಮ್ಮ ಊರಿನ ಪಕ್ಕ ಡ್ರಿಲ್ಲಿಂಗ್ ಮಾಡಿ ಚಿನ್ನ ಇದೆ ಅಂದಿದ್ದಾರೆ, ಇಂಥ ಸಣ್ಣ ನಿಕ್ಷೇಪ ನಿಜಕ್ಕೂ ಗಣಿಯಾಗುತ್ತಾ, ಹೊಲ ಈಗಲೇ ಮಾರಿಬಿಡಲಾ ಅಂತ ಕೇಳಿದ್ದೀರಿ. ಮಾರಬೇಡಿ. ನಾನು ರಾಯಚೂರು ಕಡೆ ಡ್ರಿಲ್ಲಿಂಗ್ ಕ್ಯಾಂಪುಗಳಲ್ಲಿ ಕೆಲವು ವರ್ಷ ಕೋರ್, ಅಂದರೆ ಕೊರೆದು ಮೇಲೆತ್ತಿದ ಉದ್ದನೆಯ ಕಲ್ಲಿನ ತುಂಡು, ನೋಡುವ ಕೆಲಸ ಮಾಡಿದವನು. ಚಿನ್ನ ಸಿಕ್ಕಿತು ಅನ್ನುವ ದಿನಕ್ಕೂ ಗಣಿ ಶುರುವಾಗುವ ದಿನಕ್ಕೂ ನಡುವೆ, ಆ ವರ್ಷ ಹುಟ್ಟಿದ ಕೂಸು ಕಾಲೇಜು ಸೇರುವಷ್ಟು ಕಾಲ ಹೋಗಬಹುದು.

ಒಂದು ಲೆಕ್ಕ ಹಾಕಿ. 5 ಲಕ್ಷ ಟನ್ ಅದಿರು, ಟನ್ನಿಗೆ 2 ಗ್ರಾಂ ಚಿನ್ನ ಅಂದುಕೊಳ್ಳಿ. ಒಟ್ಟು 1 ಟನ್ ಚಿನ್ನ, ಕೇಳಲು ದೊಡ್ಡದು ಅಲ್ವಾ? ಆದರೆ ದಿನಕ್ಕೆ 1,000 ಟನ್ ಅರೆಯುವ ಮಿಲ್ಲು ಅಷ್ಟನ್ನೂ ಸುಮಾರು ಒಂದೂವರೆ ವರ್ಷದಲ್ಲಿ ಮುಗಿಸುತ್ತದೆ. ಅಷ್ಟಕ್ಕೋಸ್ಕರ ಯಾರು ಹೊಸ ಮಿಲ್ಲು, ಅರೆದ ಅದಿರಿನಿಂದ ಚಿನ್ನ ಕರಗಿಸಿ ತೆಗೆಯುವ ಸೈನೈಡ್ ಟ್ಯಾಂಕು, ಕರೆಂಟು, ನೀರು ಅಂತ ದುಡ್ಡು ಸುರಿಯುತ್ತಾರೆ?

ಸಣ್ಣ ನಿಕ್ಷೇಪ ಬದುಕಿದ್ದು ನಾನು ಕಂಡಂತೆ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಸುತ್ತಮುತ್ತ. ದೇವದುರ್ಗ ತಾಲ್ಲೂಕಿನ ಊಟಿಯಲ್ಲಿ ಅದಿರು ತೆಗೆದು ಲಾರಿಗೆ ತುಂಬಿ ಹಟ್ಟಿಯ ಮಿಲ್ಲಿಗೆ ತಂದು ಅರೆದರು. ಅಲ್ಲಿ ಮಿಲ್ಲೂ ಇತ್ತು, ಪಳಗಿದ ಕೆಲಸಗಾರರೂ ಇದ್ದರು, ಹಾಗಾಗಿ ಗುಂಡಿ ಚಿಕ್ಕದಾದರೂ ನಡೆಯಿತು. ನಿಮ್ಮಲ್ಲಿಂದ ಹಟ್ಟಿ 200 ಕಿಲೋಮೀಟರಿಗಿಂತ ಜಾಸ್ತಿ. ಟನ್ನಿಗೆ ಎರಡು ಗ್ರಾಂ ಇರುವ ಕಲ್ಲನ್ನು ಅಷ್ಟು ದೂರ ಹೊತ್ತರೆ ಡೀಸೆಲ್ಲೇ ತಿಂದುಹಾಕುತ್ತದೆ. ಅಕ್ಕಪಕ್ಕದ ನಾಲ್ಕೈದು ನಿಕ್ಷೇಪ ಸೇರಿಸಿ ನಡುವೆ ಒಂದು ಮಿಲ್ಲು ಕಟ್ಟಿದರೆ ಮಾತು ಬೇರೆ. ನನಗೆ ನಂಬಿಕೆ ಇರುವ ದಾರಿ ಇದೊಂದೇ.

ಇನ್ನು ಕಾಗದಪತ್ರ. ನಿಮ್ಮ ಜಿಲ್ಲೆಯ ಗಣಜೂರಿನ ಚಿನ್ನದ ನಿಕ್ಷೇಪವನ್ನೇ ನೋಡಿ, ಎಷ್ಟು ವರ್ಷ ಹುಡುಕಾಟ ನಡೆಯಿತು! 2015ರಲ್ಲಿ ಗಣಿ ಕಾನೂನು ತಿದ್ದಿ ಹರಾಜು ಪದ್ಧತಿ ತಂದರು, ಹಳೆಯ ಅರ್ಜಿಗಳು ಹಾಗೇ ತೂಗಾಡಿದವು, 2021ರ ತಿದ್ದುಪಡಿಯಲ್ಲಿ ಬಾಕಿ ಉಳಿದವು ಬಿದ್ದೇಹೋದವು. ಪಕ್ಕದ ಗದಗದಲ್ಲಿ ಕಪ್ಪತಗುಡ್ಡದ ಒಳಗೂ ಚಿನ್ನವಿದೆ, ಆದರೆ 2019ರಿಂದ ಅದು ವನ್ಯಜೀವಿ ಧಾಮ. ಅಲ್ಲಿ ಅಗೆಯಬಾರದು ಅನ್ನುವವರ ಜೊತೆ ನಾನೂ ಇದ್ದೇನೆ, ಆ ಗುಡ್ಡದ ಔಷಧಿ ಗಿಡ, ಹಳ್ಳ ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ.

ಹಾಗಂತ ಸುಮ್ನೆ ಕೂರಬೇಡಿ. ಊರಲ್ಲಿ ಅಹವಾಲು ಸಭೆ ಕರೆದರೆ ತಪ್ಪದೆ ಹೋಗಿ. ಎಷ್ಟು ಕೆಲಸ ಕೊಡುತ್ತೀರಿ ಅಂತಷ್ಟೇ ಕೇಳಬೇಡಿ. ಅದಿರು ಎಲ್ಲಿ ಅರೆಯುತ್ತೀರಿ, ನೀರು ಎಲ್ಲಿಂದ ತರುತ್ತೀರಿ, ಅರೆದ ಮಣ್ಣು ಎಲ್ಲಿ ಹಾಕುತ್ತೀರಿ ಅಂತ ಕೇಳಿ. ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಅರೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬಗಳು ಮಾತ್ರ ಅಲ್ಲೇ ಉಳಿದವು, ಗಾಳಿ ಎದ್ದರೆ ಆ ಧೂಳು ಮನೆಗಳ ಮೇಲೆ ಬೀಳುತ್ತದೆ. ಗಣಿ ಮುಚ್ಚುವ ಖರ್ಚಿಗೆ ಎಷ್ಟು ಠೇವಣಿ ಇಡುತ್ತೀರಿ ಅನ್ನುವುದನ್ನೂ ಅದೇ ಸಭೆಯಲ್ಲಿ ಕೇಳಿ ಬರೆಸಿಕೊಳ್ಳಿ.